ಎಲ್ಲವೂ ಹೊಸದಾಯಿತು ಅಂತಾರೆ, ನನಗೆ ಹಾಗೆ ಅನ್ನಿಸುತ್ತಿಲ್ಲ. ಬೈಬಲ್‌ನಲ್ಲಿ ಎಲ್ಲಿಂದ ಶುರು ಮಾಡಲಿ?

ಏಳನೇ_ತಿಂಗಳು

ಎಲ್ಲರಿಗೂ ನಮಸ್ಕಾರ. ಇಲ್ಲಿ ಮೊದಲ ಸಲ ಬರೆಯುತ್ತಿದ್ದೇನೆ. ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ.

ನಾನು ಕುಡಿತ ಬಿಟ್ಟು ಏಳು ತಿಂಗಳಾಯಿತು. ಅದಕ್ಕೆ ಮುಂಚೆ ಹನ್ನೊಂದು ವರ್ಷ ಕುಡಿದೆ. ಕೆಲಸ ಹೋಯಿತು. ಅಣ್ಣನ ಹತ್ತಿರ ಸಾಲ ಮಾಡಿದೆ. ಅವನಿಗೆ ಗೊತ್ತಾಗದ ಹಾಗೆ ಅತ್ತಿಗೆಯ ಹತ್ತಿರವೂ ಮಾಡಿದೆ. ಮಗನ ಫೀಸಿಗೆ ಎತ್ತಿಟ್ಟಿದ್ದ ದುಡ್ಡನ್ನೂ ಬಿಡಲಿಲ್ಲ. ಇದನ್ನೆಲ್ಲ ಬರೆಯುವಾಗ ಕೈ ನಡುಗುತ್ತದೆ. ಆದರೆ ಅರ್ಧ ಮುಚ್ಚಿಟ್ಟು ಕೇಳಿದರೆ ಉತ್ತರವೂ ಅರ್ಧವೇ ಸಿಗುತ್ತದೆ, ಅಲ್ವಾ?

ಕುಡಿತ ಬಿಡಿಸುವ ಕೇಂದ್ರದಲ್ಲಿದ್ದಾಗ ಪಕ್ಕದ ಮಂಚದವರು ಒಂದು ಬೈಬಲ್ ಕೊಟ್ಟರು. ನಾನು ಕ್ರೈಸ್ತ ಮನೆತನದವನಲ್ಲ. ಅಲ್ಲಿವರೆಗೆ ಅದನ್ನು ಕೈಯಲ್ಲಿ ಹಿಡಿದವನೂ ಅಲ್ಲ. ಮೊದಲ ಪುಟದಲ್ಲಿ ಪೆನ್ನಿನಲ್ಲಿ '2 ಕೊರಿಂಥ 5:17' ಅಂತ ಬರೆದಿತ್ತು. ಹುಡುಕಿ ತೆಗೆದು ಓದಿದೆ. ಕ್ರಿಸ್ತನಲ್ಲಿರುವವನು ಹೊಸ ಸೃಷ್ಟಿ, ಹಳೆಯದು ಹೋಯಿತು, ಹೊಸದು ಬಂತು ಅನ್ನುವ ಮಾತು. ಅವತ್ತು ರಾತ್ರಿ ತುಂಬಾ ಅತ್ತೆ.

ಈಗ ಮನೆಯಲ್ಲಿದ್ದೇನೆ. ಹಳೆಯದು ಯಾವುದೂ ಹೋಗಿಲ್ಲ. ನಾನು ಬಚ್ಚಲಿಗೆ ಹೋಗಿ ಸ್ವಲ್ಪ ಹೊತ್ತಾದರೆ ಹೆಂಡತಿ ಬಂದು ಬಾಗಿಲ ಹತ್ತಿರ ನಿಲ್ಲುತ್ತಾಳೆ. ಏನೂ ಕೇಳುವುದಿಲ್ಲ. ಸುಮ್ನೆ ನಿಲ್ಲುತ್ತಾಳೆ. ಅವಳ ಕಾಲಿನ ನೆರಳು ಬಾಗಿಲ ಕೆಳಗಿನ ಸಂದಿಯಲ್ಲಿ ಕಾಣುತ್ತದೆ. ನಾನು ಹಿಂದೆ ಬಾಟಲಿ ಬಚ್ಚಿಡುತ್ತಿದ್ದದ್ದು ಅಲ್ಲೇ.

ಗೊತ್ತಿರುವವರು ದಿನಾ ಬೆಳಿಗ್ಗೆ ಯೆರೆಮೀಯ 29:11 ಕಳಿಸುತ್ತಾರೆ. ಹೂವಿನ ಚಿತ್ರದ ಮೇಲೆ ಬರೆದದ್ದು. ದೇವರು ನಿಮಗಾಗಿ ಯೋಚಿಸಿರುವುದು ಕೇಡನ್ನಲ್ಲ, ಮುಂದೆ ಒಳ್ಳೆಯ ಕಾಲ ಇದೆ, ನಿರೀಕ್ಷೆ ಇದೆ ಅಂತ. ಅವರ ಮನಸ್ಸು ಒಳ್ಳೆಯದೇ. ನನಗೆ ಮಾತ್ರ ಅದು ತಾಗುತ್ತಿಲ್ಲ.

ಹೊಸದಾಗಿ ಶುರು ಮಾಡುವುದು ಅಂದರೆ ಬೈಬಲ್‌ನಲ್ಲಿ ನಿಜವಾಗಿ ಏನು? ಎಲ್ಲಿಂದ ಓದಬೇಕು? ಓದಿ ಗೊತ್ತಿರುವವರು ಹೇಳಿ.

ಬೆಳಗಿನ_ಜಾವ

ಏಳು ತಿಂಗಳು ಸಣ್ಣದಲ್ಲ. ನನ್ನದು ಆರು ವರ್ಷ. ಮೊದಲ ವರ್ಷ ನನ್ನ ಮೇಲೂ ಯಾರಿಗೂ ನಂಬಿಕೆ ಇರಲಿಲ್ಲ.

ಓದುವುದಕ್ಕೆ ಒಂದೇ ಒಂದು ಹೇಳುತ್ತೇನೆ. ಯೋಹಾನ 18ನೇ ಅಧ್ಯಾಯ ಮತ್ತು 21ನೇ ಅಧ್ಯಾಯ ಒಟ್ಟಿಗೆ ಓದಿ. ಎರಡರಲ್ಲೂ ಬೆಂಕಿ ಎಲ್ಲಿದೆ ಅಂತ ನೋಡಿ. ನಾನು ಬಿಡಿಸಿ ಹೇಳುವುದಿಲ್ಲ, ನೀವೇ ಕಂಡುಕೊಂಡರೆ ಅದರ ಬೆಲೆ ಬೇರೆ.

ಹಳೇ_ಪುಟ

ಆ ವಾಕ್ಯ ನಿಮಗೆ ತಾಗದಿದ್ದರೆ ತಪ್ಪು ನಿಮ್ಮದಲ್ಲ. ಅದನ್ನು ಒಂದು ಪತ್ರದ ನಡುವಿನಿಂದ ಕಿತ್ತು ಕಳಿಸುತ್ತಿದ್ದಾರೆ. ನಾನು ಮೂವತ್ತು ವರ್ಷದಿಂದ ಬೈಬಲ್ ಓದುತ್ತಿದ್ದೇನೆ, ಮೊದಲ ಹತ್ತು ವರ್ಷ ನಾನೂ ಹಾಗೇ ಕಿತ್ತು ಹಂಚಿದವನು.

ಯೆರೆಮೀಯ 29 ಒಂದು ಪತ್ರ. ಕ್ರಿ.ಪೂ. 597ರಲ್ಲಿ ಬಾಬಿಲೋನಿನ ರಾಜ ನೆಬೂಕದ್ನೆಚ್ಚರ ಯೆರೂಸಲೇಮಿನ ರಾಜನನ್ನು, ರಾಜನ ತಾಯಿಯನ್ನು, ಅಧಿಕಾರಿಗಳನ್ನು, ಬಡಗಿ ಕಮ್ಮಾರರನ್ನು ಸೆರೆ ಹಿಡಿದುಕೊಂಡು ಹೋದ. ಊರು ಬಿಟ್ಟು, ಗುಡಿ ಬಿಟ್ಟು, ಗೊತ್ತಿಲ್ಲದ ಭಾಷೆಯ ನಡುವೆ ಬಿದ್ದ ಜನ ಅವರು. ಪ್ರವಾದಿ ಯೆರೆಮೀಯ ಬರೆದದ್ದು ಅವರಿಗೆ.

ಈಗ ಅದರ ಹಿಂದಿನ ಅಧ್ಯಾಯ ತೆಗೆಯಿರಿ. ಹನನ್ಯ ಅನ್ನುವ ಪ್ರವಾದಿ ದೇವಾಲಯದಲ್ಲಿ ಎಲ್ಲರ ಮುಂದೆ ಹೇಳುತ್ತಾನೆ, ಎರಡೇ ವರ್ಷ, ಎಲ್ಲರೂ ವಾಪಸ್ ಬಂದುಬಿಡುತ್ತಾರೆ ಅಂತ. ಯೆರೆಮೀಯನ ಕುತ್ತಿಗೆಯಲ್ಲಿದ್ದ ಮರದ ನೊಗವನ್ನು ಮುರಿದೂ ಹಾಕುತ್ತಾನೆ. ಕೇಳಿದವರಿಗೆ ಎಷ್ಟು ಹಾಯೆನಿಸಿರಬೇಕು! ಯೆರೆಮೀಯನಿಗೂ ಅದೇ ಆಸೆ. 'ಆಮೆನ್, ಹಾಗೇ ಆಗಲಿ' ಅನ್ನುತ್ತಾನೆ. ಆದರೆ ಅದು ನಿಜವಾಗಿರಲಿಲ್ಲ.

ಪತ್ರದಲ್ಲಿ 29:11ಕ್ಕೆ ಒಂದೇ ಒಂದು ವಾಕ್ಯ ಹಿಂದೆ, 29:10ರಲ್ಲಿ ಏನಿದೆ ಗೊತ್ತಾ? ಎಪ್ಪತ್ತು ವರ್ಷ. ಎಪ್ಪತ್ತು ವರ್ಷ ತುಂಬಿದ ಮೇಲೆ ಕರೆದುಕೊಂಡು ಬರುತ್ತೇನೆ ಅಂತ. ಪತ್ರ ಕೇಳಿಸಿಕೊಂಡ ದೊಡ್ಡವರಲ್ಲಿ ಹೆಚ್ಚಿನವರಿಗೆ ತಾವು ಅದನ್ನು ಕಣ್ಣಾರೆ ನೋಡುವುದಿಲ್ಲ ಅಂತ ಅವತ್ತೇ ತಿಳಿಯಿತು. ಕ್ರಿ.ಪೂ. 539ರಲ್ಲಿ ಪಾರಸಿಯ (ಪರ್ಷಿಯಾದ) ರಾಜ ಕೋರೆಷ ಬಾಬಿಲೋನನ್ನು ಗೆದ್ದ ಮೇಲೆಯೇ ವಾಪಸ್ ಹೋಗುವ ದಾರಿ ತೆರೆದದ್ದು.

ಹಾಗಾದರೆ ಅಲ್ಲಿವರೆಗೆ? 29:5ರಿಂದ ಓದಿ. ಮನೆ ಕಟ್ಟಿಕೊಂಡು ವಾಸ ಮಾಡಿ. ತೋಟ ಮಾಡಿ, ಅದರ ಫಲ ತಿನ್ನಿ. ಮಕ್ಕಳ ಮದುವೆ ಮಾಡಿ. ನೀವಿರುವ ಪಟ್ಟಣದ ಒಳ್ಳೆಯದಕ್ಕಾಗಿ ಬೇಡಿಕೊಳ್ಳಿ. ಸೆರೆಯಲ್ಲಿರುವ ಊರಿನಲ್ಲೇ ಗಿಡ ನೆಡಿ ಅನ್ನುತ್ತಿದ್ದಾನೆ. ಈ ಸಾಲುಗಳನ್ನು ಮೊದಲು ಓದಿಕೊಂಡು 11ಕ್ಕೆ ಬಂದರೆ ಆ ವಾಕ್ಯದ ಭಾರವೇ ಬೇರೆ.

ಇನ್ನೊಂದು ಮಾತು. ಅಲ್ಲಿ 'ನಿರೀಕ್ಷೆ' ಅಂತ ನಾವು ಓದುವ ಕಡೆ ಹೀಬ್ರೂವಿನಲ್ಲಿ 'ತಿಕ್ವಾ' ಅನ್ನುವ ಪದ ಇದೆ. ಯೆಹೋಶುವ 2ರಲ್ಲಿ ರಾಹಾಬ ಅನ್ನುವ ಹೆಂಗಸು ತನ್ನ ಮನೆಯವರು ಉಳಿಯಲಿ ಅಂತ ಕಿಟಕಿಗೆ ಕಟ್ಟುವ ಕೆಂಪು ಹುರಿಗೂ ಇದೇ ಪದ. ನನಗೆ ಇದು ತುಂಬಾ ಹಿಡಿಸಿತು. ಹುರಿಯನ್ನು ಗಟ್ಟಿಯಾಗಿ ಕಟ್ಟಬೇಕು, ಆಮೇಲೆ ಕಾಯಬೇಕು.

ನಿಮ್ಮ ಹೆಂಡತಿ ಬಚ್ಚಲ ಬಾಗಿಲಲ್ಲಿ ನಿಲ್ಲುತ್ತಾರಲ್ಲ, ನೀವು ಗಿಡ ನೆಡಬೇಕಾದದ್ದು ಅದೇ ಮನೆಯಲ್ಲಿ. ಎರಡು ವರ್ಷದಲ್ಲಿ ಎಲ್ಲ ಸರಿಹೋಗುತ್ತದೆ ಅನ್ನುವವರನ್ನು ಪ್ರೀತಿಯಿಂದ ಕೇಳಿಸಿಕೊಳ್ಳಿ. ಆದರೆ ಅವರ ಲೆಕ್ಕವನ್ನು ನಂಬಿಕೊಂಡು ಕೂರಬೇಡಿ.

ಜಯಘೋಷ

ಬ್ರದರ್, ಹಳೆಯದನ್ನು ನೆನೆಯಲೇಬೇಡಿ! ಯೆಶಾಯ 43:18 ಸ್ಪಷ್ಟವಾಗಿ ಹೇಳುತ್ತದೆ, ಹಿಂದಿನದನ್ನು ಜ್ಞಾಪಿಸಿಕೊಳ್ಳಬೇಡಿ ಅಂತ. ದೇವರು ಮರೆತದ್ದನ್ನು ಮನೆಯವರು ಎತ್ತಿ ಆಡಿದರೆ ಅದು ಅವರ ಅಪನಂಬಿಕೆ. ಏಳೆಪ್ಪತ್ತು ಸಲ ಕ್ಷಮಿಸಬೇಕು ಅಂತ ಯೇಸುವೇ ಹೇಳಿದ್ದಾನಲ್ಲ. ನೀವು ಬಿಡುಗಡೆಯಾದವರು. ತಲೆ ಎತ್ತಿ ನಡೆಯಿರಿ.

ಕೀಲಿ_ಸದ್ದು

ಮೇಲಿನದನ್ನು ಓದಿ ಸುಮ್ಮನಿರೋಕೆ ಆಗಲಿಲ್ಲ. ನಾನು ಆ ಕಡೆಯವಳು. ಕುಡಿಯುವವರ ಮಗಳು.

ರಾತ್ರಿ ಬೀಗದಲ್ಲಿ ಕೀಲಿ ತಿರುಗುವ ಸದ್ದಿನಲ್ಲೇ ಅಪ್ಪ ಅವತ್ತು ಎಷ್ಟು ಕುಡಿದಿದ್ದಾರೆ ಅಂತ ನನಗೆ ತಿಳಿಯುತ್ತಿತ್ತು. ಕೀಲಿ ಒಂದೇ ಸಲಕ್ಕೆ ಒಳಗೆ ಕೂತರೆ ಪರವಾಗಿಲ್ಲ. ಎರಡು ಮೂರು ಸಲ ತಪ್ಪಿ, ಬಾಗಿಲಿಗೆ ಕೆರೆದ ಸದ್ದು ಬಂದರೆ ತಮ್ಮನನ್ನು ಎಬ್ಬಿಸಿ ಒಳಕೋಣೆಗೆ ಕರೆದುಕೊಂಡು ಹೋಗುತ್ತಿದ್ದೆ. ಅವನು ನಿದ್ದೆಗಣ್ಣಲ್ಲಿ ನನ್ನ ಲಂಗ ಹಿಡಿದುಕೊಂಡು ಬರುತ್ತಿದ್ದ. ಈಗ ನನಗೆ 34. ಈಗಲೂ ಯಾರಾದರೂ ಬಾಗಿಲ ಹೊರಗೆ ಕೀಲಿ ತಡಕಾಡಿದರೆ ಎದೆ ಹೊಡೆದುಕೊಳ್ಳುತ್ತದೆ.

ಆಮೇಲೆ ಅಪ್ಪ ಬಿಟ್ಟರು. ಸಭೆಗೆ ಹೋಗತೊಡಗಿದರು. ಎಲ್ಲರ ಮುಂದೆ ಎದ್ದು ನಿಂತು ಸಾಕ್ಷಿ ಹೇಳಿದರು, ಜನ ಚಪ್ಪಾಳೆ ತಟ್ಟಿದರು. ನನಗೂ ಖುಷಿಯಾಯಿತು, ಸುಳ್ಳು ಹೇಳುವುದಿಲ್ಲ. ಆದರೆ ನಮ್ಮ ಹತ್ತಿರ ಬಂದು 'ನಿಮಗೆ ಹೀಗೆ ಮಾಡಿದೆ' ಅಂತ ಒಂದು ದಿನವೂ ಅನ್ನಲಿಲ್ಲ. ನಾನೇ ಒಂದು ಸಲ ಕೇಳಿದೆ. 'ದೇವರೇ ಕ್ಷಮಿಸಿದ ಮೇಲೆ ನಿನಗೇನು ಕಷ್ಟ' ಅಂದರು. ಅವತ್ತಿನಿಂದ ಮಾತು ಕಡಿಮೆಯಾಗಿದೆ.

ಏಳನೇ_ತಿಂಗಳು ಅವರೇ, ನಿಮ್ಮ ಮೇಲೆ ನನಗೆ ಸಿಟ್ಟಿಲ್ಲ. ನೀವು ಕೇಳುವ ರೀತಿಯೇ ಬೇರೆ ಇದೆ. ಆದರೆ ಬಿದ್ದವನು ಏಳುವ ಕಥೆ ಎಲ್ಲರೂ ಹೇಳುತ್ತಾರೆ. ಅವನು ಬಿದ್ದಾಗ ಅವನ ಕೆಳಗೆ ಸಿಕ್ಕಿಕೊಂಡವರಿಗೆ ಈ ಪುಸ್ತಕದಲ್ಲಿ ಏನಿದೆ?

ಹಳೇ_ಪುಟ

ತಂಗಿ, ನಿಮ್ಮ ಪ್ರಶ್ನೆ ಓದಿ ಸ್ವಲ್ಪ ಹೊತ್ತು ಸುಮ್ಮನೆ ಕೂತಿದ್ದೆ.

ಮೊದಲು ಜಯಘೋಷ ಅವರ ಎರಡು ವಾಕ್ಯಗಳ ಬಗ್ಗೆ. ಯೆಶಾಯ 43:18ರಲ್ಲಿ ಮರೆಯಿರಿ ಅಂದದ್ದು ಯಾವುದನ್ನು? ಅದರ ಹಿಂದಿನ ಎರಡು ವಾಕ್ಯ ನೋಡಿ. ಸಮುದ್ರದಲ್ಲಿ ದಾರಿ, ಮುಳುಗಿದ ರಥ, ಕುದುರೆ, ಸೈನ್ಯ. ತನ್ನ ಜನರನ್ನು ದೇವರು ಐಗುಪ್ತದಿಂದ, ಅಂದರೆ ಈಜಿಪ್ಟಿನಿಂದ, ಬಿಡಿಸಿದ ದೊಡ್ಡ ಕೆಲಸ ಅದು. ಅದಕ್ಕಿಂತ ಹೊಸದನ್ನು ಮಾಡುತ್ತೇನೆ, ಅದನ್ನೇ ನೆನೆಯುತ್ತಾ ಕೂರಬೇಡಿ ಅನ್ನುತ್ತಿದ್ದಾನೆ. ಒಬ್ಬನು ಇನ್ನೊಬ್ಬನಿಗೆ ಮಾಡಿದ ಅನ್ಯಾಯವನ್ನು ಮರೆತುಬಿಡಿ ಅನ್ನುವ ಮಾತು ಅಲ್ಲಿಲ್ಲ. ಏಳೆಪ್ಪತ್ತು ಸಲದ ಮಾತು ಕೂಡ, 'ನನಗೆ ತಪ್ಪು ಮಾಡಿದವನನ್ನು ಎಷ್ಟು ಸಲ ಕ್ಷಮಿಸಲಿ' ಅಂತ ಶಿಷ್ಯ ಪೇತ್ರ ಕೇಳಿದ್ದಕ್ಕೆ ಯೇಸು ಕೊಟ್ಟ ಉತ್ತರ. ಅದು ಕ್ಷಮಿಸುವವನಿಗೆ ಹೇಳಿದ್ದು. ತಪ್ಪು ಮಾಡಿದವನು ಅದನ್ನು ಕೈಯಲ್ಲಿ ಹಿಡಿದುಕೊಂಡು ವಸೂಲಿಗೆ ಹೋಗುವ ಹಾಗಿಲ್ಲ.

ಇನ್ನು ನಿಮಗೆ. ಆದಿಕಾಂಡ 37ರಿಂದ 45, ಯೋಸೇಫನ ಕಥೆ. ಅಣ್ಣಂದಿರು ಅವನನ್ನು ಗುಂಡಿಗೆ ಹಾಕಿ, ಆಮೇಲೆ 20 ಬೆಳ್ಳಿ ನಾಣ್ಯಕ್ಕೆ ಮಾರಿದಾಗ ಅವನಿಗೆ 17 ವರ್ಷ. ಐಗುಪ್ತದ ರಾಜ ಫರೋಹನ ಮುಂದೆ ನಿಂತಾಗ 30. ಆಮೇಲೆ ಸುಗ್ಗಿಯ ಏಳು ವರ್ಷ, ಬರದ ಎರಡು ವರ್ಷ. ಅಣ್ಣಂದಿರಿಗೆ 'ನಾನು ಯೋಸೇಫ' ಅಂತ ಹೇಳುವಾಗ ಅವನಿಗೆ 39. ನಡುವೆ 22 ವರ್ಷ.

ಬರದಲ್ಲಿ ಧಾನ್ಯ ಕೊಳ್ಳಲು ಅವರು ಐಗುಪ್ತಕ್ಕೆ, ಅಲ್ಲಿ ದೊಡ್ಡ ಅಧಿಕಾರಿಯಾಗಿದ್ದ ಯೋಸೇಫನ ಮುಂದೆ, ಮೊದಲ ಸಲ ಬಂದು ಅಡ್ಡಬಿದ್ದಾಗಲೇ ಅವನು ಗುರುತು ಹಿಡಿದ. ಆದರೆ ಓಡಿ ಹೋಗಿ ಅಪ್ಪಿಕೊಳ್ಳಲಿಲ್ಲ. ಒಬ್ಬನನ್ನು ಸೆರೆಯಲ್ಲಿಟ್ಟ. ಚಿಕ್ಕ ತಮ್ಮ ಬೆನ್ಯಾಮೀನನನ್ನು ಕರೆತನ್ನಿ ಅಂದ. ಆಮೇಲೆ ಬೆನ್ಯಾಮೀನನ ಚೀಲದಲ್ಲಿ ತನ್ನ ಬೆಳ್ಳಿ ಬಟ್ಟಲು ಇಡಿಸಿದ. ಅಂದರೆ ಹಳೆಯ ಪರಿಸ್ಥಿತಿಯನ್ನೇ ಮತ್ತೆ ಕಟ್ಟಿದ. ಅಪ್ಪನ ಮುದ್ದಿನ ಮಗ ಸಿಕ್ಕಿಬಿದ್ದಿದ್ದಾನೆ, ಇವರು ಅವನನ್ನು ಬಿಟ್ಟು ಹೋಗಬಹುದು. ಹೋಗುತ್ತಾರಾ? 'ಮಾರಿಬಿಡೋಣ' ಅಂತ ಅವತ್ತು ಹೇಳಿದ್ದು ಅಣ್ಣಂದಿರಲ್ಲಿ ಒಬ್ಬನಾದ ಯೆಹೂದ. ಅದೇ ಯೆಹೂದ ಈಗ ಮುಂದೆ ಬಂದು, 'ಹುಡುಗನ ಬದಲು ನಾನು ಗುಲಾಮನಾಗಿ ಇರುತ್ತೇನೆ, ಅವನನ್ನು ಕಳಿಸಿಬಿಡು' ಅನ್ನುತ್ತಾನೆ. ಯೋಸೇಫನಿಗೆ ತಡೆಯಲಾಗದೆ ಗಟ್ಟಿಯಾಗಿ ಅತ್ತದ್ದು ಆಮೇಲೆ.

ಇವನಿಗೆ ಕ್ಷಮಿಸುವ ಮನಸ್ಸಿಲ್ಲ ಅಂತ ಬೈಬಲ್ ಎಲ್ಲೂ ಹೇಳುವುದಿಲ್ಲ. ಬದಲಾಗಿದ್ದಾರಾ ಅಂತ ನೋಡುವ ಹಕ್ಕು ಅವನಿಗಿತ್ತು. ನಿಮಗೂ ಇದೆ.

ರಾಜ ದಾವೀದನ ವಿಷಯವೂ ಹಾಗೇ. ತನ್ನ ಸೈನಿಕ ಊರೀಯನ ಹೆಂಡತಿಯನ್ನು ತೆಗೆದುಕೊಂಡು ಊರೀಯನನ್ನು ಯುದ್ಧದಲ್ಲಿ ಸಾಯಿಸಿದ. ಆಮೇಲೆ ಪಶ್ಚಾತ್ತಾಪಪಟ್ಟ, ಕ್ಷಮೆಯೂ ಸಿಕ್ಕಿತು. 51ನೇ ಕೀರ್ತನೆ ಆ ಹೊತ್ತಿನದು. ಆದರೆ ಮತ್ತಾಯನ ಮೊದಲ ಅಧ್ಯಾಯದಲ್ಲಿರುವ ಯೇಸುವಿನ ವಂಶಾವಳಿ ಓದಿ. ಆ ಹೆಂಗಸನ್ನು, ದಾವೀದನ ಮಗ ಸೊಲೊಮೋನನ ತಾಯಿಯನ್ನು, ಇವತ್ತಿಗೂ 'ಊರೀಯನ ಹೆಂಡತಿ' ಅಂತಲೇ ಬರೆದಿದೆ. ಕ್ಷಮೆ ಸಿಕ್ಕಿತು ಅಂತ ಸತ್ತವನ ಹೆಸರನ್ನು ಅಳಿಸಲಿಲ್ಲ.

ಕೀಲಿ_ಸದ್ದು

ಇದನ್ನು ನನಗೆ ಯಾರೂ ಹೀಗೆ ಹೇಳಿರಲಿಲ್ಲ. ಓದುತ್ತೇನೆ.

ಮಧ್ಯದ_ಪುಟ

ನಾನು ಬರೆಯುವುದು ಬೇರೆ ತರದ ಹೊಸ ಆರಂಭದ ಬಗ್ಗೆ. ನಾನು ಯಾವ ತಪ್ಪೂ ಮಾಡಿರಲಿಲ್ಲ. ನನ್ನ ಗಂಡ ತೀರಿಕೊಂಡರು, ಅಷ್ಟೇ. ಮೂರು ವರ್ಷವಾಯಿತು. 'ಹೊಸ ಜೀವನ ಶುರು ಮಾಡು' ಅಂತ ಜನ ಹೇಳುವಾಗ, ಹಳೆಯದನ್ನು ನಾನೇನು ಬೇಡ ಅಂದಿದ್ದೆನಾ ಅಂತ ಒಳಗೇ ಕೇಳಿಕೊಳ್ಳುತ್ತಿದ್ದೆ.

ನನ್ನನ್ನು ಹಿಡಿದದ್ದು ಪ್ರಲಾಪಗಳು ಅನ್ನುವ ಸಣ್ಣ ಪುಸ್ತಕ. ಐದೇ ಅಧ್ಯಾಯ. ಕ್ರಿ.ಪೂ. 586ರಲ್ಲಿ ಯೆರೂಸಲೇಮು ಸುಟ್ಟುಹೋದ ಮೇಲಿನ ಅಳು. 'ಆತನ ಕರುಣೆ ದಿನದಿನವೂ ಬೆಳಿಗ್ಗೆ ಹೊಸದು' ಅನ್ನುವ ಮಾತು ಎಲ್ಲರಿಗೂ ಗೊತ್ತು, ಗೋಡೆಗೆ ಹಾಕಿಕೊಂಡಿರುತ್ತಾರೆ. ಅದು ಎಲ್ಲಿದೆ ಅಂತ ಹುಡುಕಿದಾಗ ನನಗೆ ಆಶ್ಚರ್ಯವಾಯಿತು. ಕೊನೆಯಲ್ಲಿಲ್ಲ. ನಟ್ಟ ನಡುವಿನ ಮೂರನೇ ಅಧ್ಯಾಯದಲ್ಲಿದೆ, 22 ಮತ್ತು 23ನೇ ವಾಕ್ಯ.

ಆ ಪುಸ್ತಕದ ಕಟ್ಟುವಿಕೆಯೂ ನೋಡುವಂಥದ್ದು. ಹೀಬ್ರೂ ವರ್ಣಮಾಲೆಯಲ್ಲಿ 22 ಅಕ್ಷರ. 1, 2, 4ನೇ ಅಧ್ಯಾಯಗಳಲ್ಲಿ 22 ವಾಕ್ಯ, ಒಂದೊಂದು ವಾಕ್ಯವೂ ಕ್ರಮವಾಗಿ ಒಂದೊಂದು ಅಕ್ಷರದಿಂದ ಶುರು. ಮೂರನೆಯದರಲ್ಲಿ 66, ಅಕ್ಷರಕ್ಕೆ ಮೂರು. ಐದನೆಯದರಲ್ಲಿ ಮತ್ತೆ 22 ವಾಕ್ಯ, ಆದರೆ ಅಕ್ಷರದ ಕ್ರಮ ಬಿಟ್ಟುಹೋಗಿದೆ. ದುಃಖದಲ್ಲಿ ಮನಸ್ಸು ಹಾಗೇ. ಹಿಡಿತದಲ್ಲಿ ಇಟ್ಟುಕೊಂಡು, ಇಟ್ಟುಕೊಂಡು, ಕೊನೆಗೆ ಕೈ ಸೋಲುತ್ತದೆ. ಇದು ನನ್ನ ಓದು, ತಿಳಿದವರು ಬೇರೆ ರೀತಿ ಹೇಳಬಹುದು.

ನಡುವೆ ಆ ಬೆಳಗಿನ ಮಾತು ಬಂದ ಮೇಲೂ ಅಳು ನಿಲ್ಲುವುದಿಲ್ಲ. ನಾಲ್ಕನೇ ಅಧ್ಯಾಯದಲ್ಲಿ ಮಕ್ಕಳು ರೊಟ್ಟಿ ಕೇಳುತ್ತವೆ, ಮುರಿದು ಕೊಡುವವರಿಲ್ಲ. ಕೊನೆಯ ಸಾಲಿನಲ್ಲಿ, ನಮ್ಮನ್ನು ಪೂರ್ತಿ ಕೈಬಿಟ್ಟೆಯಾ ಅನ್ನುವ ಸಂಕಟವೇ ಉಳಿಯುತ್ತದೆ. ಇಷ್ಟು ಕತ್ತಲ ನಡುವೆ ಕೂತು 'ಬೆಳಿಗ್ಗೆ ಹೊಸದು' ಅಂದವನ ಮಾತನ್ನು ನಾನು ನಂಬುತ್ತೇನೆ. ಎಲ್ಲ ಸರಿಹೋದ ಮೇಲೆ ಹೇಳಿದ್ದರೆ ಇಷ್ಟು ನಂಬುತ್ತಿರಲಿಲ್ಲ.

ಅವರ ಕನ್ನಡಕ ಈಗಲೂ ಕಿಟಕಿಯ ಕಟ್ಟೆಯ ಮೇಲಿದೆ. ಧೂಳು ಒರೆಸಿ ಅಲ್ಲೇ ಇಡುತ್ತೇನೆ. ಅದೇ ಕಿಟಕಿಯಲ್ಲಿ ಬಿಸಿಲೂ ಬರುತ್ತದೆ.

ಜಯಘೋಷ

ಕೀಲಿ_ಸದ್ದು ಸಹೋದರಿ, ನನ್ನ ಮಾತಿನಿಂದ ನಿಮಗೆ ನೋವಾಯಿತು. ಕ್ಷಮೆ ಕೇಳುತ್ತೇನೆ. ಒಬ್ಬ ಕುಡುಕನನ್ನು ಎಬ್ಬಿಸುವ ಆತುರದಲ್ಲಿ ಪಕ್ಕದಲ್ಲಿ ಯಾರಿದ್ದಾರೆ ಅಂತ ನೋಡಲಿಲ್ಲ. ಯೆಶಾಯ 43ನ್ನು ಈಗ ಪೂರ್ತಿ ಓದಿದೆ. ನಾನು ಎಷ್ಟೋ ಜನರಿಗೆ ಆ ಒಂದೇ ವಾಕ್ಯ ಹೇಳಿದ್ದೇನೆ.

ರಾತ್ರಿ_ಪಾಳಿ

ನಾನು ನರ್ಸ್. ಕುಡಿತ ಬಿಡಿಸುವ ವಾರ್ಡಿನಲ್ಲೂ ಕೆಲಸ ಮಾಡಿದ್ದೇನೆ. ಇಷ್ಟು ಹೊತ್ತು ಯಾರೂ ದೇಹದ ಮಾತು ಆಡಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

1 ಅರಸುಗಳು 19. ಪ್ರವಾದಿ ಎಲೀಯ ಕರ್ಮೆಲ್ ಬೆಟ್ಟದ ಮೇಲೆ ಬಾಳನ ಪ್ರವಾದಿಗಳ ಎದುರು ಗೆದ್ದು ಬಂದವನು. ಅದಾದ ಕೂಡಲೇ ರಾಣಿ ಈಜೆಬೆಲಳ ಬೆದರಿಕೆಗೆ ಹೆದರಿ ಓಡುತ್ತಾನೆ. ಅಡವಿಯಲ್ಲಿ ಒಂದು ಗಿಡದ ಕೆಳಗೆ ಕೂತು, ಸಾಕು, ನನ್ನ ಜೀವ ತೆಗೆದುಕೋ ಅನ್ನುತ್ತಾನೆ. ಅಲ್ಲೇ ಮಲಗಿ ನಿದ್ದೆ ಹೋಗುತ್ತಾನೆ.

ದೇವದೂತ ಬಂದು ಏನು ಮಾಡಿದ? ಬೈಯಲಿಲ್ಲ. ಬೋಧನೆ ಮಾಡಲಿಲ್ಲ. ತಟ್ಟಿ ಎಬ್ಬಿಸಿ 'ಎದ್ದು ತಿನ್ನು' ಅಂದ. ತಲೆಯ ಹತ್ತಿರ ಕೆಂಡದ ಮೇಲೆ ಸುಟ್ಟ ರೊಟ್ಟಿ, ಒಂದು ತಂಬಿಗೆ ನೀರು. ತಿಂದ, ಕುಡಿದ, ಮತ್ತೆ ಮಲಗಿದ. ದೂತ ಮತ್ತೆ ಬಂದು ಮತ್ತೆ ತಿನ್ನಿಸಿದ. 'ಮುಂದಿನ ದಾರಿ ನಿನ್ನ ಶಕ್ತಿಗೆ ಮೀರಿದ್ದು' ಅಂದ. ದೇವರು ಅವನೊಡನೆ ಮಾತಾಡಿದ್ದು ಎಷ್ಟೋ ದಿನ ಕಳೆದ ಮೇಲೆ, ಹೋರೇಬ್ ಬೆಟ್ಟದಲ್ಲಿ. ಆಗಲೂ 'ಬಂದ ದಾರಿಯಲ್ಲೇ ವಾಪಸ್ ಹೋಗು' ಅಂತ ಕಳಿಸಿದ. ಜೊತೆಗಾರನಾಗಿ ಎಲೀಷ ಅನ್ನುವವನನ್ನು ಕೊಟ್ಟ.

ಅಣ್ಣ, ಹೊತ್ತಿಗೆ ಸರಿಯಾಗಿ ಊಟ ಮಾಡಿ, ನಿದ್ದೆ ಮಾಡಿ. ಡಾಕ್ಟರ್ ಮಾತ್ರೆ ಕೊಟ್ಟಿದ್ದರೆ, ಪ್ರಾರ್ಥನೆ ಶುರು ಮಾಡಿದೆ ಅಂತ ಅದನ್ನು ನಿಲ್ಲಿಸಬೇಡಿ. ಸಾಯಬೇಕು ಅನ್ನಿಸುವ ದಿನ ಬಂದರೆ ಒಬ್ಬರೇ ಇರಬೇಡಿ, ತಕ್ಷಣ ಡಾಕ್ಟರಿಗೆ ಹೇಳಿ. ಕಾಲು ಜಾರಿದರೂ ಮುಚ್ಚಿಡಬೇಡಿ. ನಾನು ನೋಡಿದ ಮಟ್ಟಿಗೆ ಜಾರಿದ್ದಕ್ಕಿಂತ ಅದನ್ನು ಮುಚ್ಚಿಟ್ಟದ್ದೇ ಜನರನ್ನು ಜಾಸ್ತಿ ಕೆಳಗೆ ಎಳೆದಿದೆ.

ಏಳನೇ_ತಿಂಗಳು

ಎಲ್ಲರಿಗೂ ಋಣಿ. ಒಂದೊಂದನ್ನೂ ಎರಡೆರಡು ಸಲ ಓದಿದೆ. ಕೀಲಿ_ಸದ್ದು ಅವರೇ, ನಿಮ್ಮದನ್ನು ಓದಿದ ರಾತ್ರಿ ನನ್ನ ಮಗನಿಗೆ ನನ್ನ ಯಾವ ಸದ್ದು ಗೊತ್ತಿರಬಹುದು ಅಂತ ಯೋಚಿಸುತ್ತಾ ನಿದ್ದೆ ಬರಲಿಲ್ಲ. ಅವನಿಗೆ ಹನ್ನೆರಡು. ಕೇಳುವ ಧೈರ್ಯ ಇನ್ನೂ ಬಂದಿಲ್ಲ.

ಒಂದು ಪ್ರಶ್ನೆ. ಸಣ್ಣ ಕೆಲಸ ಸಿಕ್ಕಿದೆ. ಸಾಲ ಪೂರ್ತಿ ತೀರಿಸಲು ವರ್ಷಗಳೇ ಬೇಕು. ಮೊದಲು ಕೈಯಲ್ಲಿ ದುಡ್ಡು ಸೇರಿಸಿಕೊಂಡು ಆಮೇಲೆ ಅಣ್ಣನ ಮುಖ ನೋಡಲೇ, ಅಥವಾ ಈಗಲೇ ಹೋಗಲೇ?

ಲೆಕ್ಕದ_ಪುಸ್ತಕ

ಈಗಲೇ ಹೋಗಿ.

ಲೂಕ 19ರಲ್ಲಿ ಜಕ್ಕಾಯನ ಕಥೆ ಇದೆ. ತೆರಿಗೆ ವಸೂಲಿ ಮಾಡುತ್ತಿದ್ದವನು, ಮೋಸದ ದುಡ್ಡು ಮಾಡಿದವನು. ಮರ ಹತ್ತಿ ಯೇಸುವನ್ನು ನೋಡಿದ್ದು ಮಾತ್ರ ಎಲ್ಲರಿಗೂ ನೆನಪಿರುತ್ತದೆ. ಮರದಿಂದ ಇಳಿದ ಮೇಲೆ ಅವನು ಆಡಿದ್ದು ದುಡ್ಡಿನ ಮಾತು. ಆಸ್ತಿಯಲ್ಲಿ ಅರ್ಧ ಬಡವರಿಗೆ, ಮೋಸ ಮಾಡಿ ತೆಗೆದುಕೊಂಡಿದ್ದಕ್ಕೆ ನಾಲ್ಕರಷ್ಟು ವಾಪಸ್. ಯಾಜಕಕಾಂಡ 6ರ ಪ್ರಕಾರ ಮೋಸದಿಂದ ಪಡೆದದ್ದನ್ನು ಒಪ್ಪಿಕೊಂಡು ಹಿಂದಿರುಗಿಸುವವನು ಅಸಲಿನ ಮೇಲೆ ಐದನೇ ಒಂದು ಭಾಗ ಸೇರಿಸಿ ಕೊಟ್ಟರೆ ಸಾಕಿತ್ತು. ಕದ್ದ ಕುರಿಯನ್ನು ಕೊಂದವನೋ ಮಾರಿದವನೋ ನಾಲ್ಕು ಕುರಿ ಕೊಡಬೇಕು ಅಂತ ವಿಮೋಚನಕಾಂಡ 22ರಲ್ಲಿದೆ. ಜಕ್ಕಾಯ ತನ್ನನ್ನು ಕಳ್ಳನ ಲೆಕ್ಕಕ್ಕೇ ಸೇರಿಸಿಕೊಂಡ. ಯಾರೂ ಕೇಳಿರಲಿಲ್ಲ.

ನನಗೆ ಮುಖ್ಯ ಅನ್ನಿಸುವುದು ಇನ್ನೊಂದು. 'ಇವತ್ತು ಈ ಮನೆಗೆ ರಕ್ಷಣೆ ಬಂತು' ಅಂತ ಯೇಸು ಹೇಳುವಾಗ ಜಕ್ಕಾಯ ಇನ್ನೂ ಒಂದು ಕಾಸೂ ಕೊಟ್ಟಿರಲಿಲ್ಲ. ಬಾಯಿ ಬಿಟ್ಟು ಹೇಳಿದ್ದ, ಅಷ್ಟೇ. ಹಾಗಾಗಿ ದುಡ್ಡು ಸೇರುವ ತನಕ ಕಾಯಬೇಡಿ.

ಒಂದು ನೋಟ್‌ಬುಕ್ ತೆಗೆದುಕೊಳ್ಳಿ. ಯಾರಿಗೆ, ಎಷ್ಟು, ಯಾವಾಗ, ಏನು ಸುಳ್ಳು ಹೇಳಿ ತಂದದ್ದು, ಎಲ್ಲ ಬರೆಯಿರಿ. ಆ ಕೊನೆಯ ಕಾಲಂ ಬಿಡಬೇಡಿ. ಎಲ್ಲಕ್ಕಿಂತ ಕಷ್ಟವಾದದ್ದು ಅದೇ. ತಿಂಗಳಿಗೆ ಎಷ್ಟು ಕೊಡಬಲ್ಲಿರೋ ಅಷ್ಟನ್ನೇ ಹೇಳಿ, ಒಂದು ತಿಂಗಳೂ ತಪ್ಪಿಸಬೇಡಿ. ಮೊತ್ತ ಸಣ್ಣದಿದ್ದರೂ ತಾರೀಕು ಗಟ್ಟಿಯಾಗಿರಲಿ.

ಬೆಳಗಿನ_ಜಾವ

ಬೆಂಕಿ ಸಿಕ್ಕಿತಾ?

ಏಳನೇ_ತಿಂಗಳು

(ಮೂರು ವಾರದ ನಂತರ)

ಸಿಕ್ಕಿತು.

ಯೋಹಾನ 18ರಲ್ಲಿ ಯೇಸುವನ್ನು ಹಿಡಿದುಕೊಂಡು ಹೋದ ರಾತ್ರಿ, ಚಳಿ. ಆಳುಗಳು ಕೆಂಡದ ಬೆಂಕಿ ಮಾಡಿಕೊಂಡು ನಿಂತಿದ್ದಾರೆ. ಪೇತ್ರನೂ ಅವರ ಜೊತೆ ಕೈ ಕಾಯಿಸಿಕೊಳ್ಳುತ್ತಾ 'ನಾನು ಅವನ ಶಿಷ್ಯನಲ್ಲ' ಅನ್ನುತ್ತಾನೆ. ಅವತ್ತು ಒಟ್ಟು ಮೂರು ಸಲ. 21ರಲ್ಲಿ ಬೆಳಗಾಗುತ್ತಿದೆ, ರಾತ್ರಿಯೆಲ್ಲ ಬಲೆ ಬೀಸಿ ಏನೂ ಸಿಕ್ಕಿಲ್ಲ. ದಡದಲ್ಲಿ ಯೇಸು ನಿಂತಿದ್ದಾನೆ. ಬಲೆಗೆ 153 ಮೀನು ಬೀಳುತ್ತವೆ. ಪೇತ್ರ ನೀರಿಗೆ ಧುಮುಕಿ ದಡಕ್ಕೆ ಬಂದರೆ ಅಲ್ಲಿ ಕೆಂಡದ ಬೆಂಕಿ, ಮೇಲೆ ಮೀನು, ಪಕ್ಕದಲ್ಲಿ ರೊಟ್ಟಿ. ಊಟವಾದ ಮೇಲೆ ಪ್ರಶ್ನೆ, ಅದೂ ಮೂರು ಸಲ: ನನ್ನನ್ನು ಪ್ರೀತಿಸುತ್ತೀಯಾ?

ಅದೇ ವಾಸನೆ ಮೂಗಿಗೆ ಬಡಿದಿರಬೇಕು. ತಾನು ಎಲ್ಲಿ ಸುಳ್ಳು ಹೇಳಿದ್ದನೋ ಅಂಥದ್ದೇ ಬೆಂಕಿಯ ಮುಂದೆ ಅವನನ್ನು ಕೂರಿಸಿದ. ಬೇರೆ ಜಾಗಕ್ಕೆ ಕರೆದುಕೊಂಡು ಹೋಗಲಿಲ್ಲ. ಮೂರನೇ ಸಲ ಕೇಳಿದಾಗ ಪೇತ್ರನಿಗೆ ದುಃಖವಾಯಿತು ಅಂತ ಬರೆದಿದೆ. ಆ ದುಃಖದಲ್ಲೇ 'ನನ್ನ ಕುರಿಗಳನ್ನು ಮೇಯಿಸು' ಅಂತ ಕೆಲಸ ಕೊಟ್ಟ. ಇದನ್ನು ಓದಿ ಪುಸ್ತಕ ಮಡಚಿ ಸುಮಾರು ಹೊತ್ತು ಹೊರಗೆ ನಿಂತಿದ್ದೆ.

ಹೋದ ಭಾನುವಾರ ಅಣ್ಣನ ಮನೆಗೆ ಹೋದೆ, ನೋಟ್‌ಬುಕ್ ಹಿಡಿದುಕೊಂಡು. ನಾನು ಯಾವಾಗಲೂ ಸಾಲ ಕೇಳುವಾಗ ಕೂರುತ್ತಿದ್ದ ಕುರ್ಚಿ ಒಂದಿದೆ, ಕೈಯ ಹತ್ತಿರ ಪಾಲಿಶ್ ಹೋಗಿದೆ. ಅದರಲ್ಲೇ ಕೂತೆ. ಅಣ್ಣ, ಅತ್ತಿಗೆ ಇಬ್ಬರನ್ನೂ ಕರೆದು ಓದಿದೆ. ಏನು ಸುಳ್ಳು ಹೇಳಿದ್ದೆ ಅನ್ನುವುದನ್ನೂ ಓದಿದೆ. ಅತ್ತಿಗೆ ಕೊಟ್ಟದ್ದು ಅಣ್ಣನಿಗೆ ಗೊತ್ತಿರಲಿಲ್ಲ. ಅದಕ್ಕೆ ಮೊದಲೇ ಅತ್ತಿಗೆಯ ಹತ್ತಿರ ಒಪ್ಪಿಗೆ ಕೇಳಿದ್ದೆ, 'ಹೇಳು, ನನಗೂ ಭಾರವಾಗಿದೆ' ಅಂದಿದ್ದರು.

ಅಣ್ಣ ಅಪ್ಪಿಕೊಳ್ಳಲಿಲ್ಲ. ಬೈಯಲೂ ಇಲ್ಲ. ನೋಟ್‌ಬುಕ್ ತೆಗೆದುಕೊಂಡು ಕನ್ನಡಕ ಹಾಕಿಕೊಂಡು ಪೂರ್ತಿ ನೋಡಿದ. ಆಮೇಲೆ ನನ್ನ ಜೇಬಿನಲ್ಲಿದ್ದ ಪೆನ್ನು ತೆಗೆದು, ನಾನು ಮರೆತೇಹೋಗಿದ್ದ ಒಂದು ಸಾಲವನ್ನು ತಾನೇ ಕೊನೆಗೆ ಬರೆದ. ಒಂದು ಮಳೆಗಾಲದಲ್ಲಿ ಮಗನಿಗೆ ಜ್ವರ ಅಂತ ಹೇಳಿ ತಂದದ್ದು. ಅವನಿಗೆ ಜ್ವರ ಇರಲಿಲ್ಲ. 'ಇದೂ ಇದೆ' ಅಂದ. ಹೊರಡುವಾಗ 'ಒಂದನೇ ತಾರೀಕು ಬಾ' ಅಂದ.

ಹಳೇ_ಪುಟ

ಓದಿದೆ. ಮತ್ತೆ ಓದಿದೆ. 'ಬಾ' ಅಂದರಲ್ಲ.

ಕೆಂಡದ ಬೆಂಕಿಗೆ ಗ್ರೀಕಿನಲ್ಲಿರುವ ಆ ಪದ ಹೊಸ ಒಡಂಬಡಿಕೆಯಲ್ಲಿ, ಅಂದರೆ ಬೈಬಲಿನ ಎರಡನೇ ಭಾಗದಲ್ಲಿ, ಬರುವುದು ಆ ಎರಡೇ ಜಾಗದಲ್ಲಿ. ನೀವು ಸರಿಯಾದದ್ದನ್ನೇ ಕಂಡಿದ್ದೀರಿ.

ಸಮಯ ಸಿಕ್ಕಾಗ ಮಾರ್ಕನ ಕಥೆಯನ್ನೂ ಹುಡುಕಿ. ಅಪೊಸ್ತಲರ ಕೃತ್ಯಗಳು 13ರಲ್ಲಿ ಅವನು, ಸುವಾರ್ತೆ ಸಾರಲು ಹೊರಟಿದ್ದ ಪೌಲ, ಬಾರ್ನಬ ಇಬ್ಬರನ್ನೂ ನಡುದಾರಿಯಲ್ಲಿ ಬಿಟ್ಟುಹೋಗುತ್ತಾನೆ. 15ರಲ್ಲಿ ಪೌಲ ಅವನನ್ನು ಮತ್ತೆ ಕರೆದುಕೊಂಡು ಹೋಗಲು ಒಪ್ಪುವುದೇ ಇಲ್ಲ. ಬಾರ್ನಬ ಮಾತ್ರ ಜೊತೆಗೆ ಕರೆದುಕೊಳ್ಳುತ್ತಾನೆ. ಎಷ್ಟೋ ವರ್ಷದ ಮೇಲೆ, 2 ತಿಮೊಥೆಯ 4:11ರಲ್ಲಿ, ಅದೇ ಪೌಲ 'ಮಾರ್ಕನನ್ನು ಕರೆದುಕೊಂಡು ಬಾ, ಅವನು ನನಗೆ ಉಪಯೋಗಕ್ಕೆ ಬರುತ್ತಾನೆ' ಅಂತ ಬರೆಯುತ್ತಾನೆ. ನಡುವೆ ಏನಾಯಿತು ಅಂತ ಬೈಬಲ್ ಹೇಳುವುದಿಲ್ಲ.

ರಾತ್ರಿ_ಪಾಳಿ

ಊಟ, ನಿದ್ದೆ ಸರಿಯಾಗಿ ಆಗುತ್ತಿದೆಯಾ?

ಏಳನೇ_ತಿಂಗಳು

ಆಗುತ್ತಿದೆ ಸಿಸ್ಟರ್. ಮಾತ್ರೆಯೂ ಬಿಟ್ಟಿಲ್ಲ. ಈಗ ಬಚ್ಚಲಿಗೆ ಹೋಗುವಾಗ ಬಾಗಿಲಿಗೆ ಚಿಲಕ ಹಾಕುವುದಿಲ್ಲ. ಹೆಂಡತಿ ಇನ್ನೂ ಬಂದು ನಿಲ್ಲುತ್ತಾಳೆ. ನಿಲ್ಲಲಿ.

ಕೀಲಿ_ಸದ್ದು

ಅಪ್ಪನಿಗೆ ಫೋನ್ ಮಾಡಿಲ್ಲ. ಯೋಸೇಫನ ಕಥೆ ಓದುತ್ತಿದ್ದೇನೆ, ದಿನಕ್ಕೆ ಸ್ವಲ್ಪ. 42ನೇ ಅಧ್ಯಾಯದಲ್ಲಿದ್ದೇನೆ. ಅಣ್ಣಂದಿರು ತಮ್ಮತಮ್ಮಲ್ಲೇ 'ಅವನು ಬೇಡಿಕೊಂಡಾಗ ನಾವು ಕೇಳಲಿಲ್ಲ' ಅಂತ ಮಾತಾಡಿಕೊಳ್ಳುತ್ತಾರೆ. ಅವರ ಭಾಷೆ ಅವನಿಗೆ ತಿಳಿಯುತ್ತದೆ ಅಂತ ಅವರಿಗೆ ಗೊತ್ತಿಲ್ಲ. ಅವನು ಆಚೆ ತಿರುಗಿಕೊಂಡು ಹೋಗಿ ಅಳುತ್ತಾನೆ. ಇವತ್ತು ಅಲ್ಲಿಗೆ ನಿಲ್ಲಿಸಿದೆ.